ಹಳೆ ಜೀಪಿಗೆ ವೀಲ್ ಸ್ಪೇಸರ್: ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು?

ಒಂದೇ ವಾರದಲ್ಲಿ ಎರಡು ಫಾರ್ವರ್ಡ್ ಬಂದವು, ಎರಡೂ ನಮ್ಮೂರಿನ ಗ್ರೂಪಿನಿಂದಲೇ. ಮೊದಲನೆಯದು ವಿಡಿಯೊ. ಹೆದ್ದಾರಿಯಲ್ಲಿ ಹೋಗುತ್ತಿದ್ದ ಗಾಡಿಯ ಚಕ್ರ ಕಳಚಿ, ಗಾಡಿಯನ್ನೇ ಹಿಂದೆ ಹಾಕಿ ಮುಂದಕ್ಕೆ ಉರುಳಿ ಹೋಗುತ್ತದೆ. ಕೆಳಗೆ "ಸ್ಪೇಸರ್ ಹಾಕಿಸಿದವರ ಗತಿ ನೋಡಿ, ತಕ್ಷಣ ಎಲ್ಲರಿಗೂ ಕಳಿಸಿ" ಎಂಬ ಸಾಲು. ಎರಡನೆಯದು ಮಾರಾಟದ್ದು. ಚಕ್ರಗಳು ಮಡ್‌ಗಾರ್ಡಿನಿಂದ ಆಚೆ ಬಂದು ಠೀವಿಯಿಂದ ನಿಂತಿರುವ ಹಳೆ ಜೀಪಿನ ಫೋಟೊ, ಜೊತೆಗೆ "ಸ್ಪೇಸರ್ ಹಾಕಿಸಿ, ಗಾಡಿ ಯಾವತ್ತೂ ಪಲ್ಟಿ ಆಗಲ್ಲ" ಎಂಬ ಭರವಸೆ.

ಎರಡನ್ನೂ ಕಳಿಸಿದವರು ಒಬ್ಬರೇ, ನನ್ನ ಸೋದರಮಾವ. ಅವರ ಬಳಿ ಹಳೆ ಮಹೀಂದ್ರ ಜೀಪಿದೆ. ಬೆಳಗ್ಗೆ ಹೊಲಕ್ಕೆ ಆಳು ಕರೆದುಕೊಂಡು ಹೋಗುವುದು, ಸಂತೆಗೆ ಹೋಗುವುದು, ಭಾರತ ಹುಣ್ಣಿಮೆಗೆ ಮನೆಮಂದಿಯನ್ನೆಲ್ಲ ತುಂಬಿಕೊಂಡು ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋಗುವುದು, ಎಲ್ಲಕ್ಕೂ ಅದೇ. ಫೋನ್ ಮಾಡಿ ಕೇಳಿದೆ: "ಮಾಮಾ, ಎರಡರಲ್ಲಿ ಯಾವುದು ಖರೆ?" ಅವರು ನಕ್ಕರು. "ಎರಡೂ ಖರೆ ಇರಬೇಕವ್ವ. ನಮ್ಮ ಜೀಪಿಗೆ ಆಗಲೇ ಹಾಕಿಸೀನಿ. ಏನಾಗಂಗಿಲ್ಲ ಬಿಡು."

ನಾನು ಓದಿದ್ದು ಸಂವಹನ, ಮೆಕ್ಯಾನಿಕಲ್ ಅಲ್ಲ. ಫಾರ್ವರ್ಡ್ ಹೇಗೆ ಹರಡುತ್ತದೆ ಎಂಬುದು ನನ್ನ ಕೆಲಸದ ವಿಷಯ, ನಟ್ ಹೇಗೆ ಸಡಿಲಾಗುತ್ತದೆ ಎಂಬುದಲ್ಲ. ಆದರೂ ಆ ಜೀಪಿನಲ್ಲಿ ಕೂರುವವರಲ್ಲಿ ನನ್ನ ಅಜ್ಜಿಯೂ ಒಬ್ಬಳು. ಹಾಗಾಗಿ ಕೂತು ಓದಿದೆ, ಗ್ಯಾರೇಜಿಗೂ ಹೋದೆ, ಲೆಕ್ಕವನ್ನೂ ಹಾಕಿದೆ. ಮಾವನ ಮಾತೇ ಒಂದು ರೀತಿಯಲ್ಲಿ ಸರಿ ಎಂದು ಕೊನೆಗೆ ಗೊತ್ತಾಯಿತು. ಎರಡು ಫಾರ್ವರ್ಡ್‌ಗಳಲ್ಲೂ ಅರ್ಧ ಸತ್ಯವಿದೆ, ಮತ್ತು ಅಪಾಯ ಇರುವುದು ಎರಡೂ ಹೇಳದೆ ಬಿಟ್ಟ ಇನ್ನರ್ಧದಲ್ಲಿ.

ಸ್ಪೇಸರ್ ಅಂದರೆ ಏನು, ಯಾಕೆ ಹಾಕಿಸುತ್ತಾರೆ

ಚಕ್ರವನ್ನು ಬಿಗಿಯುವ ತಿರುಗುವ ಭಾಗಕ್ಕೆ ಹಬ್ ಎನ್ನುತ್ತಾರೆ. ಹಬ್ಬಿಗೂ ಚಕ್ರದ ಡಿಸ್ಕಿಗೂ ನಡುವೆ ಇಡುವ ದಪ್ಪ ಲೋಹದ ಬಿಲ್ಲೆಯೇ ಸ್ಪೇಸರ್. ಅದು ಚಕ್ರವನ್ನು ತನ್ನ ದಪ್ಪದಷ್ಟು ಹೊರಗೆ ತಳ್ಳುತ್ತದೆ.

ಇದರಲ್ಲಿ ಎರಡು ಜಾತಿ. ಒಂದು ಬರೀ ತೂತುಗಳಿರುವ ತೆಳು ಬಿಲ್ಲೆ, ಸಾಮಾನ್ಯವಾಗಿ 3ರಿಂದ 10 ಮಿ.ಮೀ. ಗಾಡಿಯ ಹಳೇ ಸ್ಟಡ್‌ಗಳೇ ಅದರೊಳಗೆ ತೂರಿ ಬರುತ್ತವೆ. ಇನ್ನೊಂದು ದಪ್ಪನೆಯದು, 20 ಮಿ.ಮೀ.ಗಿಂತ ಮೇಲೆ. ಅದನ್ನು ಮೊದಲು ಹಬ್ಬಿಗೆ ಬಿಗಿದು, ಅದರ ಮೈಮೇಲೇ ಇರುವ ಬೇರೆ ಸ್ಟಡ್‌ಗಳಿಗೆ ಚಕ್ರವನ್ನು ಬಿಗಿಯಬೇಕು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಕಡೆ ಇದು ಬೇಕಾಗುವುದು ಹಳೆ ಜೀಪುಗಳಿಗೆ, ಅಲ್ಲೊಂದು ಇಲ್ಲೊಂದು ಜಿಪ್ಸಿಗೆ, ಪ್ರೀತಿಯಿಂದ ಇಟ್ಟುಕೊಂಡ ಅಂಬಾಸಿಡರ್‌ಗೆ, ಅಪರೂಪಕ್ಕೆ ಕಾಂಟೆಸ್ಸಾಗೆ. ಕಾಂಟೆಸ್ಸಾ 1984ರಿಂದ 2002ರವರೆಗೆ ಹಿಂದೂಸ್ತಾನ್ ಮೋಟಾರ್ಸ್ ತಯಾರಿಸಿದ ಉದ್ದ ಮೂತಿಯ ಕಾರು. ಅದನ್ನು "ನಮ್ಮ ದೇಶದ ಮಸಲ್ ಕಾರ್" ಎಂದು ಅಭಿಮಾನಿಗಳು ಕರೆಯುವುದುಂಟು. ಮಸಲ್ ಕಾರ್ ಎಂದರೆ ಅಸಲಿಗೆ 1960-70ರ ದಶಕದ ಅಮೆರಿಕದ, ದೊಡ್ಡ ಎಂಜಿನ್ನಿನ ಕಾರುಗಳು. ಸ್ಪೇಸರ್ ಬಗ್ಗೆ ಇಂಟರ್ನೆಟ್ಟಿನಲ್ಲಿ ಸಿಗುವ ಸಲಹೆಯಲ್ಲಿ ಬಹುಪಾಲು ಆ ಕಾರುಗಳ ಬಗ್ಗೆಯೇ ಬರೆದದ್ದು. ಅದನ್ನೇ ಜೀಪಿಗೆ ಹೊಂದಿಸಲು ಹೋದಾಗ ಎಡವಟ್ಟು ಶುರುವಾಗುತ್ತದೆ. ಅದನ್ನು ಮುಂದೆ ನೋಡೋಣ.

ಹಾಕಿಸಲು ಕಾರಣಗಳು ಬರೀ ಶೋಕಿಯಲ್ಲ. ಹಳೆ ಗಾಡಿಯ ರಿಮ್ ಈಗ ಸಿಗುವುದು ಕಷ್ಟ. ಹೊಸ ಕಾಲದ ರಿಮ್ ತಂದು ಕೂರಿಸಿದರೆ ಅದು ತುಂಬ ಒಳಗೆ ಹೋಗಿ ಸ್ಪ್ರಿಂಗ್ ಪಟ್ಟಿಗೋ ಸ್ಟೀರಿಂಗ್ ರಾಡಿಗೋ ತಾಗುತ್ತದೆ. ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಹಾಕಿಸಿದವರಿಗೆ ಕ್ಯಾಲಿಪರ್ ರಿಮ್ಮಿಗೆ ಉಜ್ಜುತ್ತದೆ. ಅಗಲ ಟೈರ್ ಹಾಕಿಸಿದವರಿಗೂ ಇದೇ ಗೋಳು.

ನಟ್ ಅಂದರೆ ಕೀಲಲ್ಲ

ಚಕ್ರ ಗಾಡಿಗೆ ಹೇಗೆ ಅಂಟಿಕೊಂಡಿದೆ ಎಂದು ಯಾರನ್ನಾದರೂ ಕೇಳಿ ನೋಡಿ. "ಬೋಲ್ಟ್ ಮೇಲೆ ನಿಂತಿದೆ" ಎನ್ನುತ್ತಾರೆ. ಎತ್ತಿನ ಬಂಡಿ ನೋಡಿ ಬೆಳೆದ ನಮಗೆ ಇದು ಸಹಜ. ಬಂಡಿಯ ಗಾಲಿ ಅಚ್ಚಿನ ಮೇಲೆ ಸಡಿಲವಾಗಿಯೇ ತಿರುಗುತ್ತದೆ. ಅದು ಆಚೆ ಬೀಳದಂತೆ ತಡೆಯುವುದು ತುದಿಯ ಕೀಲು. ಕೀಲು ಅಲುಗಾಡಿದರೂ ಸರಿ, ಅದು ಇರುವವರೆಗೆ ಗಾಲಿ ಇರುತ್ತದೆ.

ಜೀಪಿನ ಚಕ್ರಕ್ಕೆ ಕೀಲಿಲ್ಲ. ಅಲ್ಲಿ ನಟ್ಟಿನ ಕೆಲಸ ಚಕ್ರವನ್ನು ಹಬ್ಬಿಗೆ ಅದುಮಿ ಹಿಡಿಯುವುದು. ಎರಡು ಲೋಹದ ಮುಖಗಳು ಎಷ್ಟು ಗಟ್ಟಿಯಾಗಿ ಒತ್ತಿಕೊಂಡಿರುತ್ತವೆಂದರೆ ಅವುಗಳ ನಡುವಿನ ಘರ್ಷಣೆಯೇ ಗಾಡಿಯ ಭಾರವನ್ನು, ಬ್ರೇಕಿನ ಎಳೆತವನ್ನು, ತಿರುವಿನ ತಳ್ಳಾಟವನ್ನು ಹೊರುತ್ತದೆ. ಸ್ಟಡ್ ಅಡ್ಡಲಾಗಿ ಭಾರ ಹೊರಬೇಕಾದ ಸ್ಥಿತಿ ಬಂತೆಂದರೆ ಕೆಲಸ ಆಗಲೇ ಕೆಟ್ಟಿದೆ ಎಂದರ್ಥ.

ಎಷ್ಟು ಗಟ್ಟಿ? 12 ಮಿ.ಮೀ. ಸ್ಟಡ್ಡಿನ ನಟ್ಟನ್ನು 100 ನ್ಯೂಟನ್-ಮೀಟರ್ ಬಲದಲ್ಲಿ ಬಿಗಿದರೆ, ಎಂಜಿನಿಯರುಗಳ ಸಾಮಾನ್ಯ ಸೂತ್ರದ ಪ್ರಕಾರ ಆ ಒಂದು ನಟ್ ಸುಮಾರು 4 ಟನ್ ತೂಕದಷ್ಟು ಒತ್ತಿ ಹಿಡಿಯುತ್ತದೆ. ಐದು ನಟ್ ಸೇರಿ ಸುಮಾರು 20 ಟನ್. (100 ನ್ಯೂಟನ್-ಮೀಟರ್ ಅಂದರೆ ಒಂದು ಮೀಟರ್ ಉದ್ದದ ಪಾನಾದ ತುದಿಯಲ್ಲಿ 10 ಕಿಲೋ ತೂಕ ನೇತುಹಾಕಿದಷ್ಟು.) ಚಕ್ರದ ಮೇಲೆ ಕೂತಿರುವ ಗಾಡಿಯ ಭಾರವಾದರೋ ನಾನೂರು-ಐನೂರು ಕಿಲೋ.

ಹಾಗಿದ್ದರೆ ಭಯವೇಕೆ ಅನ್ನಿಸಬಹುದು. ಇಲ್ಲಿದೆ ಗುಟ್ಟು. ಈ ಒತ್ತಡ ಬರುವುದು ಸ್ಟಡ್ ಸ್ವಲ್ಪವೇ ಸ್ವಲ್ಪ ಹಿಗ್ಗುವುದರಿಂದ. ಬಿಗಿದಾಗ ಉಕ್ಕು ರಬ್ಬರಿನಂತೆ ಎಳೆದುಕೊಂಡು, ವಾಪಸ್ ಕುಗ್ಗಲು ಯತ್ನಿಸುತ್ತ ಚಕ್ರವನ್ನು ಹಿಡಿದಿರುತ್ತದೆ. ಆ ಹಿಗ್ಗುವಿಕೆ ಎಷ್ಟು? ಲೆಕ್ಕ ಹಾಕಿದರೆ ಸುಮಾರು 0.05 ಮಿ.ಮೀ., ಅಂದರೆ ನಮ್ಮ ತಲೆಗೂದಲಿನ ದಪ್ಪ. ನಟ್ಟಿನ ಕೆಳಗೆಲ್ಲೋ ಒಂದು ಕೂದಲೆಳೆಯಷ್ಟು ಬಣ್ಣ, ತುಕ್ಕು, ಮಣ್ಣು ಇದ್ದು ಓಡಾಟದಲ್ಲಿ ಅದು ಪುಡಿಯಾಗಿ ಉದುರಿತು ಅನ್ನಿ. ನಟ್ ಒಂದು ಸುತ್ತೂ ತಿರುಗಿರುವುದಿಲ್ಲ, ನೋಡಲು ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ಆ 4 ಟನ್ ಹಿಡಿತ ಹೋಗಿರುತ್ತದೆ.

ಸ್ಪೇಸರಿನ ಸಮಸ್ಯೆ ಇಲ್ಲಿಂದ ಅರ್ಥವಾಗುತ್ತದೆ. ಮೊದಲು ಹಬ್ ಮತ್ತು ಚಕ್ರ ಕೂಡುವ ಜಾಗ ಒಂದೇ ಇತ್ತು. ಈಗ ಹಬ್-ಸ್ಪೇಸರ್ ಒಂದು, ಸ್ಪೇಸರ್-ಚಕ್ರ ಇನ್ನೊಂದು. ತುಕ್ಕು, ಬಣ್ಣ, ಗರಗಸದ ಚೂರು ಕೂರಲು ಜಾಗ ಎರಡು ಪಟ್ಟಾಯಿತು. ದಪ್ಪದ ಸ್ಪೇಸರಿನಲ್ಲಿ ಇನ್ನೊಂದು ತೊಡಕಿದೆ: ಐದು ನಟ್ ಇದ್ದಲ್ಲಿ ಹತ್ತಾಗುತ್ತವೆ, ಒಳಗಿನ ಐದು ಚಕ್ರದ ಹಿಂದೆ ಮುಚ್ಚಿಹೋಗುತ್ತವೆ. ಪಂಚರ್ ಅಂಗಡಿಯ ಹುಡುಗ ಹೊರಗಿನ ಐದನ್ನು ಎಷ್ಟೇ ಶ್ರದ್ಧೆಯಿಂದ ಬಿಗಿದರೂ ಒಳಗಿನವು ಅವನಿಗೆ ಕಾಣುವುದೇ ಇಲ್ಲ. ಚಕ್ರ ಪೂರ್ತಿ ಬಿಚ್ಚಿದರೆ ಮಾತ್ರ ಅವುಗಳ ದರ್ಶನ.

ತೆಳು ಬಿಲ್ಲೆಯದು ಬೇರೆ ರೋಗ. ಅದು ತನ್ನ ದಪ್ಪದಷ್ಟು ಸ್ಟಡ್ಡನ್ನು ನುಂಗುತ್ತದೆ, ನಟ್ಟಿಗೆ ಸಿಗುವ ಮರೆ ಕಡಿಮೆಯಾಗುತ್ತದೆ. ಗ್ಯಾರೇಜಿನವರು ಪಾಲಿಸುವ ಹಳೆ ನಿಯಮ ಸುಲಭ: ಸ್ಟಡ್ ಎಷ್ಟು ದಪ್ಪವೋ ಕನಿಷ್ಠ ಅಷ್ಟು ಉದ್ದ ನಟ್ ಅದರ ಮೇಲೆ ಕೂತಿರಬೇಕು. 12 ಮಿ.ಮೀ. ಸ್ಟಡ್, 1.5 ಮಿ.ಮೀ. ಮರೆ ಅಂತರ ಇದ್ದರೆ ಪೂರ್ತಿ 8 ಸುತ್ತು. ಅರ್ಧ ಇಂಚಿನ, ಇಂಚಿಗೆ 20 ಮರೆಯ ಸ್ಟಡ್ಡಿಗೆ 10 ಸುತ್ತು. ಬೆರಳಲ್ಲಿ ನಟ್ ತಿರುಗಿಸುತ್ತ ಎಣಿಸಿದರೆ ಸಾಕು, ಯಾವ ಯಂತ್ರವೂ ಬೇಡ. ಐದೇ ಸುತ್ತಿಗೆ ನಿಂತಿತೆಂದರೆ ಆ ಬಿಲ್ಲೆ ಆ ಗಾಡಿಗಲ್ಲ. ಒಂದು ಬಿಲ್ಲೆಯ ಮೇಲೆ ಇನ್ನೊಂದು ಪೇರಿಸುವುದು, ವಾಷರ್ ತುಂಬಿ ದಪ್ಪ ಮಾಡುವುದು, ಇವೆರಡರ ಬಗ್ಗೆ ಚರ್ಚೆಯೇ ಬೇಡ.

ನಡುವಿನ ತೂತೂ ಮುಖ್ಯ. ಒಳ್ಳೆಯ ಸ್ಪೇಸರಿನ ನಡುವಿನ ತೂತು ಹಬ್ಬಿನ ಉಬ್ಬಿಗೆ ಬಿಗಿಯಾಗಿ ಕೂರುತ್ತದೆ, ಮತ್ತು ಅದರ ಹೊರಮುಖದಲ್ಲಿ ಅದೇ ಅಳತೆಯ ಉಬ್ಬು ಚಕ್ರಕ್ಕಾಗಿ ಇರುತ್ತದೆ. ಆಗ ಚಕ್ರ ನಡುಮಧ್ಯಕ್ಕೆ ತಾನಾಗಿ ಬರುತ್ತದೆ. ದೊಡ್ಡ ತೂತು ಕೊರೆದ "ಎಲ್ಲಕ್ಕೂ ಹೊಂದುವ" ಬಿಲ್ಲೆಯಲ್ಲಿ ಚಕ್ರ ಕೂದಲೆಳೆ ಆಚೀಚೆ ಕೂತರೂ 60-80 ಕಿ.ಮೀ. ವೇಗಕ್ಕೆ ಸ್ಟೀರಿಂಗ್ ನಡುಗುತ್ತದೆ. ಆ ನಡುಕ ನಟ್ಟನ್ನು ಅಲುಗಿಸುತ್ತದೆ.

ಲೇತ್ ಅಂಗಡಿಯ ಸ್ಪೇಸರ್

ಮಾವ ತಮ್ಮ ಸ್ಪೇಸರ್ ಮಾಡಿಸಿದ್ದು ಒಂದು ಲೇತ್ ಅಂಗಡಿಯಲ್ಲಿ. ಅಂಗಡಿಯ ಹೆಸರು ಬೇಡ, ಊರೂ ಬೇಡ. ಆ ಮಿಸ್ತ್ರಿ ಟ್ರ್ಯಾಕ್ಟರಿನ ಮುರಿದ ಭಾಗವನ್ನು ಹೊಸದಕ್ಕಿಂತ ಚೆನ್ನಾಗಿ ಮಾಡಿಕೊಡುವವರು, ಅವರ ಕೈಗುಣದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಚಕ್ರ ಬಿಚ್ಚಿಸಿದಾಗ ಕಂಡದ್ದು ಇದು: ಗ್ಯಾಸ್ ಕಟರಿನಲ್ಲಿ ಕೊಯ್ದ ಕಬ್ಬಿಣದ ತಟ್ಟೆ, ಅಂಚಿಗೆ ಉಜ್ಜಿದ ಗುರುತು, ಮುಖಕ್ಕೆ ದಪ್ಪಗೆ ಬಳಿದ ಕಪ್ಪು ಬಣ್ಣ, ನಡುವೆ ಹಬ್ಬಿಗಿಂತ ಬೆರಳಗಲ ದೊಡ್ಡ ತೂತು. ಚಂದ ಕಾಣಲೆಂದು ಬಳಿದ ಆ ಬಣ್ಣವೇ, ಮೇಲೆ ಹೇಳಿದ ಕೂದಲೆಳೆ ಲೆಕ್ಕದಲ್ಲಿ, ಅತ್ಯಂತ ದೊಡ್ಡ ದೋಷ. ಎರಡು ತೂತುಗಳ ಸುತ್ತ ನಾಣ್ಯದಂತೆ ಹೊಳೆಯುವ ಗುರುತಿತ್ತು, ಅಂದರೆ ಚಕ್ರ ಅಲ್ಲಿ ಉಜ್ಜಾಡುತ್ತಿತ್ತು.

ಮಿಸ್ತ್ರಿ ತಪ್ಪು ಮಾಡಿದರು ಎನ್ನುವುದಕ್ಕಿಂತ, ಅವರಿಗೆ ಕೊಟ್ಟ ಕೆಲಸವೇ ತಪ್ಪು. "ಒಂದಿಂಚಿನ ಬಿಲ್ಲೆ ಮಾಡಿಕೊಡು" ಎಂದು ಹೇಳಿದರೇ ಹೊರತು ಹಬ್ಬಿನ ಅಳತೆಯನ್ನು ಯಾರೂ ಕೊಡಲಿಲ್ಲ. ಇನ್ನು ಅಲ್ಯೂಮಿನಿಯಂ ಬಿಲ್ಲೆಯಾದರೆ ಬರೀ ಅಳತೆಯೂ ಸಾಲದು. ಒಳ್ಳೆಯ ಕಂಪನಿಗಳು ಗಟ್ಟಿ ಮಿಶ್ರಲೋಹದ ತುಂಡಿನಿಂದ ಕೊರೆದು ತೆಗೆಯುತ್ತವೆ. ಗುಜರಿ ಕರಗಿಸಿ ಎರಕ ಹೊಯ್ದದ್ದು ಅದೇ ಹೊಳಪಿನಲ್ಲಿ ಬಂದರೂ ಒಳಗೆ ಗುಳ್ಳೆಗಳಿರಬಹುದು, ಬಿರುಕು ಅಲ್ಲಿಂದ ಶುರುವಾಗುತ್ತದೆ. ನಮ್ಮ ಕಣ್ಣಿಗೆ ಎರಡೂ ಒಂದೇ.

"ಪಲ್ಟಿ ಆಗಲ್ಲ" ಎಂಬ ಭರವಸೆಯ ಲೆಕ್ಕ

ಈಗ ಎರಡನೇ ಫಾರ್ವರ್ಡಿಗೆ ಬರೋಣ. ಚಕ್ರಗಳ ನಡುವಿನ ಅಗಲ ಹೆಚ್ಚಿದರೆ ಗಾಡಿ ಮಗುಚುವುದು ಕಷ್ಟ, ಇದು ನಿಜ. ಕಾಲು ಅಗಲಿಸಿ ನಿಂತವನನ್ನು ತಳ್ಳಿ ಬೀಳಿಸುವುದು ಕಷ್ಟವಲ್ಲವೇ, ಹಾಗೆ. ಇದನ್ನು ಅಳೆಯಲು ಒಂದು ಸರಳ ಸಂಖ್ಯೆ ಇದೆ: ಚಕ್ರಗಳ ನಡುವಿನ ಅಗಲವನ್ನು ಗಾಡಿಯ ತೂಕದ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಬೇಕು. ಉತ್ತರ ದೊಡ್ಡದಾದಷ್ಟೂ ಗಾಡಿ ಸ್ಥಿರ.

ಸ್ವಾತಂತ್ರ್ಯದ ಹೊತ್ತಿಗೆ ಮಹೀಂದ್ರ ನಮ್ಮಲ್ಲಿಗೆ ತಂದ ವಿಲ್ಲೀಸ್ ಜೀಪಿನ ಚಕ್ರಗಳ ನಡುವಿನ ಅಗಲ ನಾಲ್ಕಡಿ ಚಿಲ್ಲರೆ, ಸುಮಾರು 122.6 ಸೆಂ.ಮೀ. ಕಿರಿದಾದ ಗಾಡಿ. ಲೆಕ್ಕಕ್ಕೆಂದು ತೂಕದ ಕೇಂದ್ರ 65 ಸೆಂ.ಮೀ. ಎತ್ತರದಲ್ಲಿದೆ ಎನ್ನೋಣ. ಸಂಖ್ಯೆ 0.94 ಬರುತ್ತದೆ. ಎರಡೂ ಕಡೆ 25 ಮಿ.ಮೀ. ಸ್ಪೇಸರ್ ಹಾಕಿ. ಅಗಲ 127.6 ಆಯಿತು, ಸಂಖ್ಯೆ 0.98. ಶೇ 4ರಷ್ಟು ಲಾಭ. ಇಲ್ಲಿಯವರೆಗೆ ಮಾರುವವನ ಮಾತು ಸರಿ.

ಆದರೆ ಸ್ಪೇಸರ್ ಹಾಕಿಸುವವರು ಅಷ್ಟಕ್ಕೇ ನಿಲ್ಲುವುದಿಲ್ಲ. ದೊಡ್ಡ ಟೈರ್ ಬರುತ್ತದೆ, ಸ್ಪ್ರಿಂಗ್ ಎತ್ತರಿಸುತ್ತಾರೆ. ಎಲ್ಲ ಸೇರಿ ಗಾಡಿ 7 ಸೆಂ.ಮೀ. ಮೇಲೆ ಎದ್ದಿತು ಎಂದುಕೊಳ್ಳಿ. ಸಂಖ್ಯೆ 0.89ಕ್ಕೆ ಇಳಿಯುತ್ತದೆ, ಸ್ಪೇಸರ್ ಇಲ್ಲದ ಮೂಲ ಜೀಪಿಗಿಂತಲೂ ಕಡಿಮೆ. ಫಾರ್ವರ್ಡಿನ ಫೋಟೊದಲ್ಲಿದ್ದ ಜೀಪನ್ನು ಇನ್ನೊಮ್ಮೆ ನೋಡಿ, ಅದು ಎತ್ತರಿಸಿದ ಜೀಪೇ. ಮೇಲಿನ ಕ್ಯಾರಿಯರಿನಲ್ಲಿ ನಾಲ್ಕು ಚೀಲ ಮೆಕ್ಕೆಜೋಳ, ಅದರ ಮೇಲೆ ಇಬ್ಬರು ಹುಡುಗರು ಕೂತರೆ ತೂಕದ ಕೇಂದ್ರ ಇನ್ನೂ ಮೇಲಕ್ಕೆ. ಶೇ 4ರ ಲಾಭ ಅಲ್ಲಿಗೆ ಮುಗಿಯಿತು. "ಪಲ್ಟಿ ಆಗಲ್ಲ" ಎಂದು ನಂಬಿ ತಿರುವಿನಲ್ಲಿ ಹೆಚ್ಚು ವೇಗ ಇಟ್ಟರೆ ಗತಿಯೇನು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಅಮೆರಿಕದಲ್ಲಿ ಇದೇ ವಂಶದ ಸಿಜೆ ಜೀಪಿನ ಕಂಪನಿ ಅಗಲ ಹೆಚ್ಚಿಸಬೇಕೆಂದುಕೊಂಡಾಗ ಸ್ಪೇಸರ್ ತುರುಕಲಿಲ್ಲ. 1982ರಲ್ಲಿ ಆಕ್ಸಲನ್ನೇ ಅಗಲವಾಗಿ ಹೊಸದಾಗಿ ಮಾಡಿತು. ಯಾಕೆಂದರೆ ಚಕ್ರ ಹೊರಗೆ ಹೋದರೆ ಬೇರಿಂಗಿನ ಮೇಲಿನ ಭಾರವೂ ಬದಲಾಗುತ್ತದೆ. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಎಷ್ಟು ದೂರವಾದರೂ ನಡೆಯಬಹುದು, ಅದೇ ಕೊಡವನ್ನು ಕೈ ಚಾಚಿ ಹಿಡಿದರೆ ನಾಲ್ಕು ಹೆಜ್ಜೆಗೆ ಭುಜ ಸೋಲುತ್ತದೆ. ಬೇರಿಂಗಿಗೆ ಆಗುವುದು ಇದೇ. ಸ್ಟೀರಿಂಗ್ ಭಾರವಾಗುವುದು, ಗುಂಡಿಗೆ ಬಿದ್ದಾಗ ಕೈಯಿಂದ ಕಿತ್ತುಕೊಂಡಂತೆ ಎಳೆಯುವುದು ಕೂಡ ಅದರ ಫಲ.

ಟ್ರ್ಯಾಕ್ಟರ್ ಇಟ್ಟವರು ಇಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ: ನಾವು ಶೇಂಗಾ ಸಾಲಿಗೊಂದು, ಮೆಕ್ಕೆಜೋಳದ ಸಾಲಿಗೊಂದು ಅಗಲ ಮಾಡಿಕೊಳ್ಳುವುದಿಲ್ಲವೇ, ಅದಕ್ಕೇನೂ ಆಗಿಲ್ಲವಲ್ಲ? ಒಳ್ಳೆಯ ಪ್ರಶ್ನೆ. ಟ್ರ್ಯಾಕ್ಟರಿನ ಹಿಂದಿನ ಚಕ್ರದ ರಿಮ್ ಮತ್ತು ಡಿಸ್ಕನ್ನು ತಿರುಗಿಸಿ ಹಾಕಿ ಅಗಲ ಬದಲಿಸುವಂತೆ ಕಂಪನಿಯೇ ಮಾಡಿರುತ್ತದೆ. ಎಷ್ಟೆಷ್ಟು ಅಗಲಕ್ಕೆ ಹೇಗೆ ಎಂಬ ಚಿತ್ರ ಅದರ ಪುಸ್ತಕದಲ್ಲೇ ಇರುತ್ತದೆ. ಬೇರಿಂಗ್, ಆಕ್ಸಲ್ ಎಲ್ಲ ಆ ಲೆಕ್ಕದಲ್ಲೇ ಮಾಡಿದ್ದು. ಜೀಪಿಗೆ ಆ ಲೆಕ್ಕವನ್ನು ಯಾರೂ ಹಾಕಿಲ್ಲ.

ಹಾಗಾದರೆ ವಿಡಿಯೊ ಸತ್ಯವೇ?

ಚಕ್ರ ಕಳಚಿದ್ದು ಸತ್ಯ, ಕಣ್ಣೆದುರಿಗೇ ಇದೆ. ಕಾರಣ ಸ್ಪೇಸರ್ ಎಂಬುದಕ್ಕೆ ಆ ವಿಡಿಯೊದಲ್ಲಿ ಪುರಾವೆ ಇಲ್ಲ. ನಿಲ್ಲಿಸಿ ನಿಲ್ಲಿಸಿ ನೋಡಿದೆ: ಹಬ್ ಕಾಣುವುದಿಲ್ಲ, ಊರಿಲ್ಲ, ದಿನಾಂಕವಿಲ್ಲ, ನಂಬರ್ ಪ್ಲೇಟ್ ಮಸುಕು. ಚಕ್ರ ಕಳಚಲು ಸ್ಪೇಸರೇ ಬೇಕಿಲ್ಲ. ಟೈರ್ ಬದಲಿಸಿದ ಮೇಲೆ ನಟ್ ಮತ್ತೆ ಬಿಗಿಯದಿದ್ದರೆ, ಬೇರಿಂಗ್ ಸುಟ್ಟುಹೋದರೆ, ಆಕ್ಸಲ್ ಮುರಿದರೆ ಕಂಪನಿಯಿಂದ ಬಂದ ಗಾಡಿಯಲ್ಲೂ ಹೀಗಾಗುತ್ತದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಲಾರಿಗಳ ಚಕ್ರ ಕಳಚಿ ಜನ ಸತ್ತ ಮೇಲೆ, 1997ರಲ್ಲಿ ಅದಕ್ಕೆಂದೇ ಕಾನೂನು ತಂದರು. ವಾಣಿಜ್ಯ ವಾಹನದ ಚಕ್ರ ಕಳಚಿದರೆ ಸಾಕು, ಕಾರಣ ಏನೇ ಇರಲಿ, ಮಾಲೀಕನೇ ಹೊಣೆ. ಅವು ಸ್ಪೇಸರ್ ಹಾಕಿದ ಲಾರಿಗಳಲ್ಲ, ನಿರ್ವಹಣೆ ತಪ್ಪಿದ ಲಾರಿಗಳು.

ಕಳಚಿದ ಚಕ್ರ ಗಾಡಿಯನ್ನು ಹಿಂದೆ ಹಾಕುವುದಕ್ಕೂ ಮಾಯಮಂತ್ರ ಬೇಕಿಲ್ಲ. ಗಾಡಿ ನೆಲಕ್ಕೆ ಉಜ್ಜಿ ನಿಧಾನವಾಗುತ್ತದೆ, ಚಕ್ರ ಅದೇ ವೇಗದಲ್ಲಿ ಉರುಳುತ್ತದೆ. ಹೊಸಪೇಟೆಯಿಂದ ಕೂಡ್ಲಿಗಿ ದಾಟಿ ಚಿತ್ರದುರ್ಗಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಅಂಥ ಚಕ್ರ ರಸ್ತೆ ಪಕ್ಕ ಬಸ್ಸಿಗೆ ಕಾಯುತ್ತಿರುವವರತ್ತ ಹೋದರೆ ಏನಾಗಬಹುದು ಊಹಿಸಿಕೊಳ್ಳಿ. ಜೀಪಿನೊಳಗಿದ್ದವರಿಗಿಂತ ಹೊರಗಿದ್ದವರಿಗೇ ಅಪಾಯ ಹೆಚ್ಚು.

ಕೊಟ್ಟೂರಿನವರಿಗೆ ಇದನ್ನು ವಿವರಿಸಬೇಕಿಲ್ಲ. 2017ರ ಫೆಬ್ರವರಿಯಲ್ಲಿ ಗುರು ಕೊಟ್ಟೂರೇಶ್ವರನ ತೇರು ಜನರ ನಡುವೆಯೇ ಉರುಳಿದ್ದನ್ನು ಎಷ್ಟೋ ಮಂದಿ ಕಣ್ಣಾರೆ ಕಂಡಿದ್ದಾರೆ. ಅಚ್ಚು ಮುರಿದದ್ದು ಕಾರಣ ಎಂದು ಆಗಿನ ಪತ್ರಿಕೆಗಳು ಬರೆದವು. ಆವತ್ತೂ ಗಾಲಿ ಬೀದಿಯಲ್ಲಿದ್ದ ವಿಡಿಯೊ ಎಲ್ಲರ ಫೋನಿನಲ್ಲೂ ಓಡಾಡಿತು, ಜೊತೆಗೆ ತರಹೇವಾರಿ ಕಾರಣಗಳೂ. ಮುರಿದ ಮೇಲೆ ಕಾರಣ ಹೇಳುವವರು ಬಹಳ ಮಂದಿ, ಮುಂಚೆ ಅಚ್ಚಿನ ಕೆಳಗೆ ಬಗ್ಗಿ ನೋಡುವವರು ಕಡಿಮೆ.

ಹುಡುಕುವಾಗ ಎಡವುವ ಜಾಗ

ಇಷ್ಟೆಲ್ಲ ತಿಳಿದ ಮೇಲೂ ಕೆಲವರಿಗೆ ಸ್ಪೇಸರ್ ಬೇಕೇ ಆಗಬಹುದು. ಪೋರ್ಷೆಯಂಥ ಕಂಪನಿ ತನ್ನ ಕೆಲವು ಕಾರುಗಳಿಗೆ ತಾನೇ ಸ್ಪೇಸರ್ ಕೊಟ್ಟಿದೆ. ಜರ್ಮನಿಯಲ್ಲಿ ತಪಾಸಣೆಯಾಗಿ ಪ್ರಮಾಣಪತ್ರ ಪಡೆದ ಸ್ಪೇಸರಿಗೆ ಅವಕಾಶವಿದೆ. ಆದ್ದರಿಂದ "ಸ್ಪೇಸರ್ ಅಂದರೇ ಸಾವು" ಎಂದು ನಾನು ಬರೆಯಲಾರೆ. ಆದರೆ ಸರಿಯಾದದ್ದು ಸಿಗಬೇಕಾದರೆ ಗಾಡಿಯ ಹೆಸರು ಹೇಳಿದರೆ ಸಾಲದು, ಅಳತೆ ಬೇಕು.

ಮೊದಲನೆಯದು ಬೋಲ್ಟ್‌ಗಳು ಕೂತಿರುವ ವೃತ್ತದ ಅಡ್ಡಳತೆ, ಅಂಗಡಿಯವರು ಪಿಸಿಡಿ ಎನ್ನುತ್ತಾರೆ. ಐದು ಬೋಲ್ಟ್ ಇದ್ದರೆ ನೇರ ಅಳೆಯಲಾಗುವುದಿಲ್ಲ, ಎದುರಿಗೆ ಬೋಲ್ಟ್ ಇರುವುದಿಲ್ಲ. ಪಕ್ಕಪಕ್ಕದ ಎರಡು ಬೋಲ್ಟ್‌ಗಳ ನಡುಬಿಂದುಗಳ ದೂರ ಅಳೆದು 1.7ರಿಂದ ಗುಣಿಸಿ. ವಿಲ್ಲೀಸ್ ಕುಲದ ಜೀಪಿನಲ್ಲಿ ಅದು ಸುಮಾರು 82 ಮಿ.ಮೀ. ಬರುತ್ತದೆ, ಅಂದರೆ ವೃತ್ತ 139.7 ಮಿ.ಮೀ., ಐದೂವರೆ ಇಂಚು.

ಅಮೆರಿಕದ ಕಾರುಗಳ ಸಲಹೆ ಇಲ್ಲಿ ಕೈಕೊಡುತ್ತದೆ. 1960ರ ದಶಕದ ಕಮಾರೊ ಕಾರಿನ ವೃತ್ತ 120.65 ಮಿ.ಮೀ., ಬಿಎಂಡಬ್ಲ್ಯುವಿನ ಹಲವು ಹಳೆ ಕಾರುಗಳದ್ದು 120. ವ್ಯತ್ಯಾಸ ಮುಕ್ಕಾಲು ಮಿಲಿಮೀಟರೂ ಇಲ್ಲ, ಒತ್ತಿದರೆ ಕೂತೇ ಬಿಡುತ್ತದೆ, ಆದರೆ ಪ್ರತಿ ಸ್ಟಡ್ ಓರೆಯಾಗಿ ಎಳೆದುಕೊಂಡಿರುತ್ತದೆ. ಅದೇ ಕಾಲದ ಮಸ್ಟಾಂಗ್‌ನಲ್ಲಿ ಆರು ಸಿಲಿಂಡರಿನದಕ್ಕೆ ನಾಲ್ಕು ಬೋಲ್ಟ್, ವಿ8 ಎಂಜಿನ್ನಿನದಕ್ಕೆ ಐದು. ಹೆಸರು ಒಂದೇ, ಚಕ್ರ ಬೇರೆ. ನಮ್ಮಲ್ಲೂ ಹಾಗೇ: ಹಳೆ ಫಿಯೆಟ್ ಪಾಲಿಯೊದ ನಾಲ್ಕು ಬೋಲ್ಟಿನ ವೃತ್ತ 98 ಮಿ.ಮೀ., ಮಾರುಕಟ್ಟೆಯಲ್ಲಿ ಹೇರಳವಾಗಿ ಸಿಗುವ ರಿಮ್ 100ರದ್ದು. "ಎರಡೇ ಮಿಲಿಮೀಟರ್ ಬಿಡಿ ಸಾರ್" ಎಂದು ಕೂರಿಸಿ ಕಳಿಸುತ್ತಾರೆ.

ಎಲ್ಲಕ್ಕಿಂತ ಮೋಸದ್ದು ಮರೆ. ಹಳೆ ಜೀಪಿಗೂ ಮಾರುತಿ ಜಿಪ್ಸಿಗೂ ಬೋಲ್ಟ್ ವೃತ್ತ ಒಂದೇ, 139.7. ಹಾಗಾಗಿ ಒಂದರ ಸ್ಪೇಸರ್ ಇನ್ನೊಂದಕ್ಕೆ ಕೂರುತ್ತದೆ. ಆದರೆ ವಿಲ್ಲೀಸ್ ಕುಲದ ಸ್ಟಡ್ ಅರ್ಧ ಇಂಚು, ಅಂದರೆ 12.7 ಮಿ.ಮೀ., ಮರೆಗಳ ಅಂತರ 1.27. ಜಿಪ್ಸಿಯದು 12 ಮಿ.ಮೀ., ಅಂತರ 1.25. ಅಂತರ ಹೆಚ್ಚುಕಡಿಮೆ ಒಂದೇ ಆದ್ದರಿಂದ ಜೀಪಿನ ನಟ್ ಜಿಪ್ಸಿಯ ಸ್ಟಡ್ ಮೇಲೆ ಸಲೀಸಾಗಿ ತಿರುಗುತ್ತದೆ, ಸ್ವಲ್ಪ ಬಿಗಿಯಾದಂತೆಯೂ ತೋರುತ್ತದೆ. ಹಿಡಿದಿರುವುದು ಮಾತ್ರ ಮರೆಗಳ ತುದಿಯನ್ನಷ್ಟೇ. ಡಬ್ಬದಲ್ಲಿ ಬೆರೆತುಹೋದ ನಟ್‌ಗಳನ್ನು ಆರಿಸಿ ಹಾಕುವ ಅಂಗಡಿಗಳಲ್ಲಿ ಇದು ಆಗುವಂಥದ್ದೇ. ಪೂರ್ತಿ ಬಲಕ್ಕೆ ಬಿಗಿಯುವಾಗ ಮರೆ ಕಿತ್ತು ಬಂದರೆ ಅದೃಷ್ಟ, ಬರದಿದ್ದರೆ ರಸ್ತೆಯಲ್ಲಿ ಬರುತ್ತದೆ. ಹಳೆ ವಿಲ್ಲೀಸ್ ಜೀಪುಗಳ ಎಡಗಡೆ ಚಕ್ರಕ್ಕೆ ಉಲ್ಟಾ ತಿರುಗುವ ನಟ್ ಇರುತ್ತಿತ್ತು ಎಂಬುದನ್ನೂ ನೆನಪಿಡಿ. ಗೊತ್ತಿಲ್ಲದ ಹುಡುಗ ಪಾನಾದ ಮೇಲೆ ನಿಂತು "ಬಿಚ್ಚಲು" ಹೋಗಿ ಸ್ಟಡ್ಡನ್ನೇ ಮುರಿಯುತ್ತಾನೆ.

ಹಾಕಿಸಿದವರು ಮುಖಗಳ ಬಣ್ಣ-ತುಕ್ಕನ್ನು ವೈರ್ ಬ್ರಷ್ಷಿನಲ್ಲಿ ಲೋಹ ಕಾಣುವವರೆಗೆ ಉಜ್ಜಿ, ಟಾರ್ಕ್ ರೆಂಚಿನಲ್ಲಿ ಗಾಡಿಯ ಪುಸ್ತಕ ಹೇಳಿದಷ್ಟೇ ಬಿಗಿದು, ಮೊದಲ 50-100 ಕಿ.ಮೀ. ಓಡಿದ ಮೇಲೆ ಮತ್ತೆ ನೋಡಬೇಕು. ಒಳಗಿನ ನಟ್‌ಗಳನ್ನೂ. ಆಮೇಲೆ ಗಮನಿಸಬೇಕಾದವು: ನಟ್ಟಿನ ಸುತ್ತ ಕೆಂಪು ತುಕ್ಕಿನ ಗೆರೆ ಹರಿದಿರುವುದು, ನಿಧಾನ ತಿರುವಿನಲ್ಲಿ ಟಕ್ ಟಕ್ ಸದ್ದು, ಒಂದೇ ಹಬ್ ಮುಟ್ಟಲಾರದಷ್ಟು ಬಿಸಿಯಾಗುವುದು, ಇದ್ದಕ್ಕಿದ್ದಂತೆ ಶುರುವಾದ ನಡುಕ. ಇವುಗಳಲ್ಲಿ ಒಂದು ಕಂಡರೂ ಗಾಡಿ ಅಲ್ಲೇ ನಿಲ್ಲಿಸಿ. ಸಂತೆ ಮುಗಿಸಿಕೊಂಡು ಬಂದು ನೋಡೋಣ ಅನ್ನುವ ಸದ್ದಲ್ಲ ಅದು.

ಕಾನೂನು ಏನನ್ನುತ್ತದೆ

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ತಯಾರಕರು ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಡಿ, ಅನುಮತಿಯಿಲ್ಲದೆ ಬಿಡಿಭಾಗ ಸೇರಿಸಿ ವಾಹನ ಬದಲಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. "ಸ್ಪೇಸರ್ ಹಾಕಿದರೆ ಲಕ್ಷ ದಂಡ" ಎಂಬ ಫಾರ್ವರ್ಡ್ ಬಂದರೆ ಅದು ಸುಳ್ಳು. "ಏನೂ ಕೇಳಲ್ಲ ಬಿಡಿ" ಎಂಬುದೂ ಅಷ್ಟೇ ಸುಳ್ಳು. ಅಪಘಾತವಾದ ದಿನ ಮೊದಲು ಕೇಳುವವರು ವಿಮೆ ಕಂಪನಿಯವರು, ಮಡ್‌ಗಾರ್ಡಿನಾಚೆ ನಿಂತ ಟೈರ್ ಯಾರ ಕಣ್ಣಿಗಾದರೂ ಬೀಳುತ್ತದೆ. ಬದಲಾವಣೆ ಬೇಕೇ ಬೇಕೆಂದರೆ ಮೊದಲು ಸಾರಿಗೆ ಕಚೇರಿಯಲ್ಲಿ ಬರಹದಲ್ಲಿ ಕೇಳಿ.

ಮಾವನ ಜೀಪಿನ ಬಿಲ್ಲೆಗಳು ಈಗ ಅಂಗಳದಲ್ಲಿವೆ. ಸ್ಪೇಸರ್ ತೆಗೆದರೆ ಅಗಲ ಟೈರ್ ಪಟ್ಟಿಗೆ ತಾಗುತ್ತದೆಂದು ಹಳೆ ಅಳತೆಯ ಟೈರ್ ಹುಡುಕಲು ದಾವಣಗೆರೆಗೆ ಎರಡು ಸಲ ಹೋಗಿ ಬಂದರು, ಖರ್ಚಿನ ಬಗ್ಗೆ ನನ್ನ ಮೇಲೆ ಇನ್ನೂ ಸಿಟ್ಟಿದೆ. ಮೊನ್ನೆ ಅದೇ ಗ್ರೂಪಿನಲ್ಲಿ ಆ ಚಕ್ರ ಕಳಚುವ ವಿಡಿಯೊ ಮತ್ತೆ ಬಂತು, ಈ ಸಲ "ಹೊಸ ಹೆದ್ದಾರಿಯ ಕಳಪೆ ಕಾಮಗಾರಿ" ಎಂಬ ಸಾಲಿನೊಂದಿಗೆ. ಮಾವ ಕೆಳಗೆ ಒಂದೇ ಮಾತು ಬರೆದಿದ್ದರು: "ಹಬ್ ಕಾಣಂಗಿಲ್ಲಲ್ಲ, ನಿನಗೆ ಹೆಂಗ ಗೊತ್ತಾತು?"